ಕೇರಿಯ ಮರಳು, ಕೇರಿಯ ಸೀಸ

ಹೊನ್ನಾವರದ ಆ ಕಥೆಯನ್ನು ಈವರೆಗೆ ನಾಲ್ಕಾರು ಸಭೆಗಳಲ್ಲಿ ಕೇಳಿದ್ದೇನೆ. ಎರಡು ಸಲ ನನ್ನನ್ನೇ ವೇದಿಕೆಯ ಮೇಲೆ ಕೂರಿಸಿಕೊಂಡು ಹೇಳಿದ್ದಾರೆ. ಸ್ವಾತಂತ್ರ್ಯ ಬಂದ ಮರುವರ್ಷ ಶರಾವತಿ ಅಳಿವೆಯ ಉತ್ತರಕ್ಕಿದ್ದ ಮೀನುಗಾರರ ಕೇರಿಯೊಂದರ ಮರಳಿನಲ್ಲಿ ವಿಕಿರಣ ಸೂಸುವ ಖನಿಜವಿದೆ ಎಂದು ಯಂತ್ರ ಸುಳ್ಳು ಹೇಳಿತಂತೆ. ಆಗ ಒಬ್ಬ ತರುಣ ಸಹಾಯಕ ಮೀನುಬಲೆಯ ಹಳೆಯ ಸೀಸ ತಂದು ಯಂತ್ರದ ಸುತ್ತ ಒಟ್ಟಿದನಂತೆ. ಗದ್ದಲ ಅಡಗಿತು, ಸತ್ಯ ಹೊರಬಂತು, ಕೇರಿ ಉಳಿಯಿತು. ಚಪ್ಪಾಳೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಆ ತರುಣ ನಾನೇ ಆಗಿದ್ದರೂ ಒಪ್ಪುವುದಿಲ್ಲ. ಸೀಸ ತಂದದ್ದು ನಿಜ. ಆದರೆ ಸುಳ್ಳು ಜೋರಾಗಿ ಕೇಳಿಸತೊಡಗಿದ್ದೇ ಸೀಸ ತಂದ ಮೇಲೆ. ಯಂತ್ರ ಸುಳ್ಳು ಹೇಳಲೂ ಇಲ್ಲ. ನಾವು ಅದರ ಕೆಳಗೆ ಏನಿಟ್ಟೆವೋ ಅದನ್ನು ಎಣಿಸಿತು, ಅಷ್ಟೆ. ಇನ್ನು ‘ಸತ್ಯ ಹೊರಬಂತು’ ಎಂಬ ಮಾತು. ಅದು ಬಂತೋ, ಬಾಗಿಲ ಒಳಗೇ ಉಳಿಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಕಥೆಯಲ್ಲಿ ಒಬ್ಬ ಹೆಂಗಸು ಇರಬೇಕಿತ್ತು. ಯಾರೂ ಅವಳ ಹೆಸರೆತ್ತುವುದಿಲ್ಲ. ನಾನೂ ವೇದಿಕೆಯ ಮೇಲೆ ಎತ್ತಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಈಗ ಮರಳಿನಲ್ಲಿ ಖನಿಜ ಹುಡುಕುವ ಈ ಸರಕಾರಿ ಕೆಲಸಕ್ಕೆ ಸೇರುವವರಿಗೆ ಯಂತ್ರವೂ ಅದರ ಕೋಣೆಯೂ ಸಿದ್ಧವಾಗಿರುತ್ತವೆ. ನಮಗಿದ್ದದ್ದು ಹೆಬ್ಬೆರಳಿನ ಗಾತ್ರದ ಒಂದು ನಳಿಗೆ, ಎರಡು ಬ್ಯಾಟರಿ, ಕಿವಿಗೆ ಹಾಕಿಕೊಳ್ಳುವ ಒಂದು ಜೋಡಿ ಹೆಡ್‌ಫೋನು, ಎಣಿಕೆ ತೋರಿಸುವ ಒಂದು ಮುಳ್ಳು. ನಳಿಗೆಗೆ ಕಿರಣ ತಾಗಿದಾಗಲೆಲ್ಲ ‘ಟಕ್’ ಎನ್ನುತ್ತಿತ್ತು. ಕಷ್ಟವೆಂದರೆ ಕೆಳಗೆ ಏನೂ ಇಡದಿದ್ದರೂ ‘ಟಕ್’ ಎನ್ನುತ್ತಿತ್ತು. ಆಕಾಶದಿಂದ ಬರುವುದು, ಗೋಡೆಯ ಕಲ್ಲಿನಿಂದ ಬರುವುದು, ಮುಚ್ಚಿದ ಕೋಣೆಯಲ್ಲಿ ನೆಲದಿಂದ ಏಳುವ ಗಾಳಿಯಿಂದ ಬರುವುದು, ಎಲ್ಲವೂ ಅದಕ್ಕೆ ಒಂದೇ. ಮೀನನ್ನು ಬುಟ್ಟಿಸಮೇತ ತೂಗಿ ಆಮೇಲೆ ಬುಟ್ಟಿಯ ತೂಕ ಕಳೆಯುವುದಿಲ್ಲವೇ, ಹಾಗೆ ಈ ಹಿನ್ನೆಲೆಯ ಗದ್ದಲವನ್ನು ಕಳೆಯಬೇಕು. ಮೀನು ಮಣಗಟ್ಟಲೆ ಇದ್ದರೆ ಬುಟ್ಟಿಯ ತೂಕದಲ್ಲಿ ಚೂರು ಹೆಚ್ಚುಕಡಿಮೆಯಾದರೂ ನಡೆದೀತು. ನಮ್ಮದು ಬುಟ್ಟಿಯೇ ಮಣ, ಮೀನು ಒಂದು ಸಿಗಡಿ. ಸಿಗಡಿ ಇದೆಯೋ ಇಲ್ಲವೋ ಎಂದು ಪ್ರಮಾಣ ಮಾಡಿ ಹೇಳಬೇಕು.

ಆ ಕೆಲಸದಲ್ಲಿ ನನಗೆ ಮೊದಲ ದಿನದಿಂದ ಇದ್ದದ್ದು ಭಯ. ಕಿರಣ ಮೈಗೆ ತಾಗೀತೆಂಬ ಭಯವಲ್ಲ, ಅದನ್ನು ಆಗ ಯಾರೂ ನಮಗೆ ಹೇಳಿರಲಿಲ್ಲ. ಏನೂ ಇಲ್ಲದ ಕಡೆ ಏನೋ ಇದೆ ಎಂದು ಬರೆದುಬಿಟ್ಟೇನೆಂಬ ಭಯ. ನಮ್ಮ ಅಂಕಿ ಮುಂಬಯಿಗೆ ಹೋಗುತ್ತಿತ್ತು. ಅಂಕಿ ದೊಡ್ಡದಾದರೆ ಆ ದಂಡೆ ಸರಕಾರದ ಕಾದಿಟ್ಟ ಭೂಮಿಯ ಪಟ್ಟಿಗೆ ಸೇರುತ್ತಿತ್ತು. ಅಲ್ಲಿ ದೋಣಿ ಎಳೆಯುವವರು, ಮೀನು ಒಣಗಿಸುವವರು, ಗುಡಿಸಲು ಕಟ್ಟಿಕೊಂಡವರು ಏಳಬೇಕು.

ನಾನು ಹಿರೇಗುತ್ತಿಯವ. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಗಳಲ್ಲಿ ಗೆದ್ದು ಬಾಯಿ ಬಿಗಿಯಿಲ್ಲದವನಾಗಿದ್ದೆ. ಯಾರು ಏನೇ ಅಂದರೂ ‘ಆಧಾರವೇನು?’ ಎಂದು ಕೇಳುವುದು ಚಟವಾಗಿತ್ತು. ನನ್ನ ಮೇಲಧಿಕಾರಿ ಕುಲಕರ್ಣಿ ಸಾಹೇಬರು ಧಾರವಾಡದವರೇ. ತೆಳ್ಳಗಿನ ಮನುಷ್ಯ. ದನಿ ಏರಿಸಿದ್ದನ್ನು ನಾನು ಕೇಳಿಲ್ಲ. ಅವರು ದನಿ ತಗ್ಗಿಸಿದರೆ ನಮಗೆ ಹೆದರಿಕೆಯಾಗುತ್ತಿತ್ತು.

ಮೊದಲ ಜಟಾಪಟಿ ನಡೆದದ್ದು ಭಟ್ಕಳದಲ್ಲಿ. ಒಬ್ಬ ನವಾಯತ ಮುಸಲ್ಮಾನ ವ್ಯಾಪಾರಿಯ ಕೋಠಿಯಲ್ಲಿ, ಎಂದರೆ ಉಗ್ರಾಣದಲ್ಲಿ, ಯಂತ್ರ ಹೂಡಿದ್ದೆವು. ಮೂರು ದಿನ ನೋಡಿದೆ: ಸಾಹೇಬರು ಪಕ್ಕಕ್ಕೆ ಬಂದು ಬಗ್ಗಿ ನೋಡಿದಾಗಲೆಲ್ಲ ಎಣಿಕೆ ಏರುತ್ತಿತ್ತು, ಹೋದರೆ ಇಳಿಯುತ್ತಿತ್ತು. ನಾಲ್ಕನೇ ದಿನ ಕಾರಣ ಹೊಳೆಯಿತು. ಅವರ ಕೈಗಡಿಯಾರದ ಅಂಕೆಗಳು ಕತ್ತಲಲ್ಲಿ ಹೊಳೆಯುವಂಥವು. ಆ ಹೊಳಪಿನ ಬಣ್ಣದಲ್ಲಿ ರೇಡಿಯಂ ಇತ್ತು. ಉಪಾಯವಾಗಿ ಹೇಳಬಹುದಿತ್ತು. ನಾನು ವ್ಯಾಪಾರಿಯ ಎದುರಿಗೇ ‘ಸಾಹೇಬರೇ, ನೀವೇ ಗದ್ದಲ’ ಎಂದುಬಿಟ್ಟೆ. ವ್ಯಾಪಾರಿ ಗಡ್ಡ ನೀವಿಕೊಂಡು, ‘ಸಾಯೇಬ್ರು ಹತ್ರ ಬಂದ್ರೆ ನಮ್ಮ ಎದೆನೂ ಹಂಗೇ ಹೊಡ್ಕೊಂತದೆ, ಪಾಪ ಮಿಷನ್ನು ಎಂತ ಮಾಡ್ತದೆ?’ ಎಂದ. ಸಾಹೇಬರು ಗಡಿಯಾರ ಬಿಚ್ಚಿ ಹೊರಗಿನ ಗೂಡಿನಲ್ಲಿಟ್ಟು ಬಂದರು. ಎಣಿಕೆ ಇಳಿದದ್ದನ್ನು ತಾವೇ ನೋಡಿ ಬರೆದುಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, ‘ನೀ ಹೇಳಿದ್ದು ಖರೆ ಅದ. ಹೇಳೋ ಜಾಗಾ ಖರೆ ಇರಲಿಲ್ಲ,’ ಎಂದರು. ಹದಿನೈದು ದಿನ ಅಂಕಿಗಳನ್ನು ಬಿಟ್ಟರೆ ಬೇರೆ ಮಾತಿಲ್ಲ.

ಅವರ ಕೊಂಕು ಏನೇ ಇರಲಿ, ಆ ದಿನ ಅವರು ಎಣಿಕೆಗೆ ತಲೆಬಾಗಿದ್ದನ್ನು ನಾನು ಕಂಡಿದ್ದೇನೆ. ಮುಂದಿನದನ್ನು ಓದುವಾಗ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗದ್ದಲ ತಗ್ಗಿಸಬೇಕಾದರೆ ನಳಿಗೆಯ ಸುತ್ತ ಸೀಸದ ಗೋಡೆ ಕಟ್ಟಬೇಕು. ಮುಂಬಯಿಯಿಂದ ಬಂದ ಹೊಸ ಸೀಸದ ಹಾಳೆ ಸುತ್ತಿದೆವು. ಹೊರಗಿನ ಗದ್ದಲ ಕಡಿಮೆಯಾಯಿತು, ಸೀಸದ್ದೇ ಗದ್ದಲ ಶುರುವಾಯಿತು. ಅದಿರಿನಿಂದ ಹೊಸದಾಗಿ ತೆಗೆದ ಸೀಸದಲ್ಲಿ ಕಿರಣ ಸೂಸುವ ಒಂದು ಅಂಶ ಉಳಿದಿರುತ್ತದೆ. ಅದು ಕರಗಿಹೋಗಲು ತಲೆಮಾರುಗಳೇ ಬೇಕು. ‘ಹಳೇ ಸೀಸ ಬೇಕಪಾ. ಅಜ್ಜ ಮುತ್ತಜ್ಜನ ಕಾಲದ್ದು,’ ಎಂದರು ಸಾಹೇಬರು. ನಾನು ಕುಮಟೆಯ ಗುಜರಿ ಅಂಗಡಿಯಿಂದ ಎರಡು ಮೂಟೆ ಹೊತ್ತು ತಂದೆ. ಅದರಲ್ಲಿ ಹೊಸದೂ ಹಳತೂ ಬೆರೆತಿತ್ತು. ಎಣಿಕೆ ಮತ್ತೂ ಏರಿತು. ಅಜ್ಜನ ಕಾಲದ ಸೀಸ ಯಾರ ಮನೆಯಲ್ಲಿರುತ್ತದೆ ಎಂದು ಕರಾವಳಿಯವನಾದ ನನಗೆ ಮೊದಲೇ ಹೊಳೆಯಬೇಕಿತ್ತು. ಬಲೆ ಕೊಳೆಯುತ್ತದೆ, ಬಲೆಗೆ ಕಟ್ಟಿದ ಸೀಸದ ಗುಂಡು ಕೊಳೆಯುವುದಿಲ್ಲ. ಮಗ ಹೊಸ ಬಲೆ ನೇಯ್ದು ಅಪ್ಪನ ಸೀಸವನ್ನೇ ಕಟ್ಟುತ್ತಾನೆ.

ಮಳೆಗಾಲ ಹಿಡಿಯುವ ಹೊತ್ತಿಗೆ ನಾವು ಹೊನ್ನಾವರದ ಬಂಗಲೆಗೆ ಬಂದಿದ್ದೆವು. ಅಲ್ಲಿ ಮರಳು ತುಂಬಿ ಎಣಿಸುವ ಹಿತ್ತಾಳೆ ತಟ್ಟೆಗಳನ್ನು ತೊಳೆಯಲು ಮಾದೇವಕ್ಕ ಎಂಬವಳು ಬರುತ್ತಿದ್ದಳು. ನಲವತ್ತರ ಆಸುಪಾಸಿನ ವಿಧವೆ. ನಾನು ಹೇಳಿದ ಕೇರಿಯವಳೇ. ಅವಳ ಅಣ್ಣ ತಿಮ್ಮಪ್ಪ ಅಲ್ಲಿಯ ದೊಡ್ಡ ದೋಣಿಯ ತಾಂಡೇಲ, ಎಂದರೆ ದೋಣಿಯ ಯಜಮಾನಿಕೆ ಮಾಡುವವ. ಮಳೆಗಾಲದಲ್ಲಿ ದೋಣಿ ಕಡಲಿಗಿಳಿಯುವುದಿಲ್ಲ, ಬಲೆಗಳು ಬಿಚ್ಚಿ ಅಟ್ಟ ಸೇರಿರುತ್ತವೆ. ಸೀಸ ಕೇಳಲು ನಾನು ಅವನ ಮನೆಗೆ ಹೋದೆ.

ಅವನು ನನ್ನನ್ನು ಕೂರಿಸಿ, ಒಂದು ಗುಂಡನ್ನು ಅಂಗೈಯಲ್ಲಿ ಉರುಳಿಸಿದ. ಆಮೇಲೆ ಕೇಳಿದ: ‘ಇದ್ನ ಇಟ್ರೆ ನಿಮ್ಮ ಮಿಷನ್ನಿಗೆ ಎಂತ ಆತದೆ?’

ಬೇಡದ ಸದ್ದು ನಿಲ್ಲುತ್ತದೆ, ಮರಳಿನ ಸದ್ದು ಮಾತ್ರ ಕೇಳುತ್ತದೆ ಎಂದೆ.

‘ಯಾವ ಮರಳು? ನಮ್ದಾ?’

ಹೌದೆಂದೆ.

‘ಅಂದ್ರೆ ನಮ್ಮ ಸೀಸದಲ್ಲೇ ನಮ್ಮ ದಂಡೆ ತೂಗೂದು.’

ನಾನು ಚರ್ಚಾಪಟು. ಒಳ್ಳೆಯ ವಾದ ನಾಲಗೆಯ ತುದಿಯಲ್ಲೇ ಇತ್ತು. ಸೀಸ ಇಲ್ಲದಿದ್ದರೆ ಯಂತ್ರ ಆಕಾಶದ ಸದ್ದನ್ನೂ ನಿಮ್ಮ ಮರಳಿನ ತಲೆಗೆ ಕಟ್ಟೀತು. ಸೀಸ ಇದ್ದರೆ ನಿಮ್ಮದಲ್ಲದ ತಪ್ಪು ನಿಮ್ಮ ಮೇಲೆ ಬರುವುದಿಲ್ಲ. ಮರಳಿನಲ್ಲಿ ಏನೂ ಇಲ್ಲದಿದ್ದರೆ ನಿಮಗೇಕೆ ಹೆದರಿಕೆ? ಹೀಗೆ ಹೇಳಿದೆ. ಆ ಕೊನೆಯ ಪ್ರಶ್ನೆಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಅಧಿಕಾರದಲ್ಲಿರುವವರು ಬಡವರಿಗೆ ಯಾವಾಗಲೂ ಕೇಳುವ ಪ್ರಶ್ನೆ ಅದು.

ತಿಮ್ಮಪ್ಪ ಬಾಗಿಲಲ್ಲಿ ನಿಂತಿದ್ದ ತಂಗಿಯ ಮುಖ ನೋಡಿದ. ಮಾದೇವಕ್ಕ, ‘ಕೊಡು ಅಣ್ಣ, ಈ ತಮ್ಮ ನಮ್ಮ ಬದಿಯವ್ರೇ,’ ಎಂದಳು. ಕೇರಿಯ ಬಲೆಗಳ ಸೀಸವೆಲ್ಲ ಸೀಮೆಎಣ್ಣೆ ಡಬ್ಬಿಗಳಲ್ಲಿ ತುಂಬಿ ಬಂಗಲೆಗೆ ಬಂತು. ಷರತ್ತು ಒಂದೇ: ನೂಲು ಹುಣ್ಣಿಮೆಯ ಮುಂಚಿನ ದಿನ ವಾಪಸ್ಸು. ಆ ಹುಣ್ಣಿಮೆಗೆ ಕಡಲಿಗೆ ತೆಂಗಿನಕಾಯಿ ಬಿಟ್ಟು ದೋಣಿ ಇಳಿಸುತ್ತಾರೆ. ಸೀಸ ಇಲ್ಲದೆ ಬಲೆ ಮುಳುಗುವುದಿಲ್ಲ.

ಹಲಗೆಯ ಪೆಟ್ಟಿಗೆಯಲ್ಲಿ ಆ ಗುಂಡುಗಳನ್ನು ನಳಿಗೆಯ ಸುತ್ತ ಗಚ್ಚಾಗಿ ತುಂಬಿದೆವು. ಹೆಡ್‌ಫೋನು ಹಾಕಿಕೊಂಡ ಸಾಹೇಬರ ಮುಖ ಬದಲಾದದ್ದನ್ನು ಮರೆಯಲಾರೆ. ಜಾತ್ರೆ ಮುಗಿದ ಬಯಲಿನಂತೆ ಸದ್ದು ಅಡಗಿತ್ತು. ಇಷ್ಟು ದಿನ ಕೇಳಿಸದ ಸಣ್ಣ ಸದ್ದೂ ಇನ್ನು ಕೇಳಿಸುತ್ತದೆ. ನಾನು ಹಿಗ್ಗಬೇಕಿತ್ತು. ಹಿಗ್ಗಿದೆ ಕೂಡ, ಒಂದು ವಾರ.

ಎರಡನೇ ವಾರದಲ್ಲಿ ಕೇರಿಯ ಮರಳನ್ನು ಎಣಿಸಿದೆವು. ಎದುರು ದಂಡೆಯ ಮರಳಿಗಿಂತ ಅದರ ಎಣಿಕೆ ಎರಡು ಪಟ್ಟು. ಇನ್ನೊಂದು ತಟ್ಟೆ ಇಟ್ಟೆವು, ಇನ್ನೂ ಹೆಚ್ಚು. ಟಕ್ ಟಕ್ ಟಕ್. ಒಂದೊಂದು ಟಕ್ಕಿಗೂ ಒಂದೊಂದು ಗುಡಿಸಲು ಏಳುತ್ತಿದ್ದಂತೆ ಅನಿಸಿತು. ಬಾಗಿಲ ಹೊರಗೆ ತಟ್ಟೆ ತೊಳೆಯುತ್ತ ಕೂತ ಮಾದೇವಕ್ಕನಿಗೆ ಈ ಸದ್ದಿನ ಅರ್ಥ ಗೊತ್ತಿರಲಿಲ್ಲ. ‘ನಮ್ದು ಆತಾ ತಮ್ಮಾ?’ ಎಂದು ಕೇಳಿದಳು. ಆಗುತ್ತಿದೆ ಎಂದೆ.

ಸಾಹೇಬರು ಮುಂಬಯಿಗೆ ಪತ್ರದ ಕರಡು ಬರೆದರು. ನಾನು ಅಡ್ಡ ಮಾತಾಡಿದೆ. ಖಾಲಿ ಎಣಿಕೆಯನ್ನು ನಾವು ತಟ್ಟೆಯೇ ಇಡದೆ ತೆಗೆಯುತ್ತಿದ್ದೆವು. ಮರಳನ್ನು ಮಾತ್ರ ತಟ್ಟೆಯಲ್ಲಿಟ್ಟು ಎಣಿಸುತ್ತಿದ್ದೆವು. ಬುಟ್ಟಿಯ ತೂಕ ಕಳೆಯುವವನು ಬುಟ್ಟಿಯನ್ನೇ ತೂಗಬೇಕಲ್ಲವೇ ಎಂದು ವಾದಿಸಿದೆ. ‘ಹಿತ್ತಾಳ್ಯಾಗ ಏನದನೋ? ಹೊಸಾ ತಟ್ಟಿ ಭಟ್ಕಳದಾಗ ನಾನೇ ನೋಡೀನಿ,’ ಎಂದರು. ಅದೂ ನಿಜವಾಗಿತ್ತು. ಹೊಸ ತಟ್ಟೆ ಸ್ವಚ್ಛವಾಗಿತ್ತು. ಪತ್ರ ಟಪಾಲಿಗೆ ಹೋಗುವ ಮೊದಲು ಎರಡು ದಿನ ಕೊಡಿ ಎಂದು ಕೇಳಿಕೊಂಡೆ. ಕೊಟ್ಟರು.

ಅಘನಾಶಿನಿ ಹೊಳೆಯ ಬೆಳಚು ಎಂಬ ಕಪ್ಪೆಚಿಪ್ಪನ್ನು ಸುಟ್ಟು ಮಾಡಿದ ಸುಣ್ಣ ಮಿರ್ಜಾನದಿಂದ ಬರುತ್ತಿತ್ತು. ಚಿಪ್ಪಿನ ಸುಣ್ಣದಷ್ಟು ಮೂಕ ವಸ್ತು ಇನ್ನೊಂದಿಲ್ಲ. ಅದರಿಂದ ಕಿರಣ ಬರುವುದಿಲ್ಲವೆಂದೇ ಹೇಳಬಹುದು. ಒಂದೊಂದು ದಂಡೆಯ ಮರಳಿಗೂ ಬೇರೆ ಬೇರೆ ತಟ್ಟೆ ಇಟ್ಟಿದ್ದೆವು. ಕೇರಿಯ ಗುರುತು ಗೀಚಿದ್ದ ತಟ್ಟೆಯ ಮರಳು ಚೆಲ್ಲಿ, ತೊಳೆಸಿ, ಸುಣ್ಣ ತುಂಬಿ ಇಟ್ಟೆ. ಟಕ್ ಟಕ್ ಟಕ್. ಸುಣ್ಣ ಚೆಲ್ಲಿ ಖಾಲಿ ತಟ್ಟೆ ಇಟ್ಟೆ. ಆಗಲೂ ಅದೇ ಸದ್ದು. ಬೇರೆ ದಂಡೆಗಳ ತಟ್ಟೆಗಳು ಅಷ್ಟು ಕೂಗುತ್ತಿರಲಿಲ್ಲ. ಕೇರಿಯ ತಟ್ಟೆಗಳು ಮಾತ್ರ ಕೂಗುತ್ತಿದ್ದವು. ಯಾರೋ ಬೇಕೆಂದೇ ಏನೋ ಹಚ್ಚುತ್ತಿದ್ದಾರೆಯೇ?

ಹೊರಗೆ ಬಂದು ಮಾದೇವಕ್ಕನ ಎದುರು ಕೂತೆ. ಅವಳು ತೆಂಗಿನ ನಾರಿನಲ್ಲಿ ಬಿಳಿ ಪುಡಿಯೊಂದನ್ನು ಅದ್ದಿ ತಟ್ಟೆ ಬೆಳಗುತ್ತಿದ್ದಳು. ಎಂಥ ಪುಡಿ ಎಂದು ಕೇಳಿದೆ.

‘ಗ್ಯಾಸ್‌ಲೈಟಿನ ಬೂದಿ. ಒಲೆ ಬೂದಿ ಹಾಕಿದ್ರೆ ಗೀರು ಬೀಳ್ತದೆ. ಇದು ಬೆಣ್ಣೆ ಇದ್ದಂಗೆ.’

ಮಳೆಗೆ ಕಿಟಕಿ ಮುಚ್ಚಿ ಹಗಲಲ್ಲೇ ಕತ್ತಲಾಗುತ್ತಿದ್ದ ಆ ಕೋಣೆಯಲ್ಲಿ ಮುಳ್ಳು ನೋಡಲು ಗ್ಯಾಸ್‌ಲೈಟು ಹಚ್ಚುತ್ತಿದ್ದೆವು. ಅದರೊಳಗೆ ಉರಿಯುವ ಬಲೆಯಂಥ ಪುಟ್ಟ ಚೀಲ, ನಾವು ಮ್ಯಾಂಟಲ್ ಎನ್ನುವುದು, ಒಂದು ಸಲ ಅಲುಗಿದರೆ ಪುಡಿಯಾಗಿ ಉದುರುತ್ತದೆ. ಆ ಪುಡಿ ಥೋರಿಯಂ. ನಾವು ಮರಳಿನಲ್ಲಿ ಯಾವುದನ್ನು ಹುಡುಕುತ್ತಿದ್ದೆವೋ ಅದೇ ಥೋರಿಯಂ. ಉದುರಿದ್ದನ್ನೆಲ್ಲ ಅವಳು ತಿಂಗಳಿನಿಂದ ಡಬ್ಬಿಯಲ್ಲಿ ಕೂಡಿಟ್ಟಿದ್ದಳು.

‘ಎಲ್ಲಾ ತಟ್ಟೆಗೂ ಇದನ್ನೇ ಹಾಕ್ತಿಯಾ, ಅಕ್ಕಾ?’

‘ಎಲ್ಲದಕ್ಕೆ ಎಲ್ಲಿ ಸಾಕಾತದೆ?’ ಎಂದಳು. ದನಿ ಇಳಿಸಿ, ‘ನಮ್ಮ ಕೇರಿ ತಟ್ಟೆಗೆ ಮಾತ್ರ. ತಟ್ಟೆ ಚಂದ ಬೆಳಗಿದ್ರೆ ಸಾಯೇಬ್ರು ಚಂದ ಬರೀತ್ರು ಅಂತ.’

ಈ ಕೆಲಸದಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಕಳೆದೆ. ಅಷ್ಟು ಕ್ರೂರವಾದ ಮಾತನ್ನು ಮತ್ತೆ ಕೇಳಲಿಲ್ಲ. ಡಬ್ಬಿ ಈಸಿಕೊಂಡೆ.

ಸೀಮೆಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಹೊಸ ತಟ್ಟೆಗಳನ್ನು ಮಾಡಿ, ಉಳಿದ ಹೊತ್ತೆಲ್ಲ ಮತ್ತೆ ಮತ್ತೆ ಎಣಿಸಿದೆ. ಕೇರಿಯ ಎಣಿಕೆ ಸರ್ರನೆ ಇಳಿಯಿತು. ಆದರೆ ಇಲ್ಲಿ ಸಭೆಯವರು ಕೇಳಿಸಿಕೊಳ್ಳಬೇಕು: ಪೂರ್ತಿ ಇಳಿಯಲಿಲ್ಲ. ಎದುರು ದಂಡೆಗಿಂತ ಒಂದು ಕೂದಲೆಳೆಯಷ್ಟು ಹೆಚ್ಚು ಉಳಿಯಿತು. ಎಣಿಸಿದಾಗಲೆಲ್ಲ ಉಳಿಯಿತು. ಸಿಗಡಿ ಇತ್ತು. ಕೇರಿಯ ಸೀಸ ಇದ್ದದ್ದರಿಂದಲೇ ಅದು ಕಂಡಿತು.

ಎಲ್ಲವನ್ನೂ ಸಾಹೇಬರ ಮುಂದಿಟ್ಟೆ. ಬೂದಿಯ ಡಬ್ಬಿ, ಹೊಸ ಎಣಿಕೆ, ಆ ಕೂದಲೆಳೆ. ಮೊದಲಿನ ದೊಡ್ಡ ಅಂಕಿ ಸುಳ್ಳು, ಪತ್ರ ಹರಿಯಬೇಕು ಎಂದು ವಾದಿಸಿದೆ. ಅವರು ಡಬ್ಬಿಯನ್ನು ನಳಿಗೆಯ ಕೆಳಗೆ ಹಿಡಿದು ಯಂತ್ರ ಅರಚಿದ್ದನ್ನು ಕೇಳಿ ಕಣ್ಣು ಮುಚ್ಚಿದರು. ಪತ್ರ ಹರಿದರು. ಆಮೇಲೆ ದನಿ ತಗ್ಗಿಸಿದರು.

‘ಸಣ್ಣ ಅಂಕಿ ಬರೀತೀವಿ ಅಂತ ಇಟ್ಕೋ. ಮುಂಬಯ್ಯಾಗ ಕೇಳ್ತಾರ: ಮರಳು ಯಾರದು? ಕೇರಿದು. ಸೀಸ ಯಾರದು? ಕೇರಿದು. ತಟ್ಟಿ ತೊಳದಾಕಿ? ಆಕಿನೂ ಕೇರಿಯಾಕಿ. ಪುಸ್ತಕದಾಗಿನ ದೊಡ್ಡ ಅಂಕಿ ಒಮ್ಮಿಂದೊಮ್ಮೆಲೆ ಸಣ್ಣದು ಹೆಂಗಾತು ಅಂತಾರ. ಏನಂತೀ?’

ಕೇರಿಯ ಸೀಸ ಬೇಡವೆಂದರೆ ಗದ್ದಲ ಹಿಂದಿರುಗುತ್ತದೆ. ಆ ಗದ್ದಲದಲ್ಲಿ ಕೂದಲೆಳೆ ಕಾಣುವುದೇ ಇಲ್ಲ. ಸೀಸ ಇಟ್ಟುಕೊಂಡರೆ ಕಾಣುತ್ತದೆ. ಆಗ ಇನ್ನಷ್ಟು ಮರಳು ಅಗೆಯಲು ಇನ್ನೊಂದು ತಂಡ ಬರುತ್ತದೆ, ದಂಡೆಗೆ ಬೇಲಿ ಬೀಳುತ್ತದೆ. ಇಷ್ಟು ಸಣ್ಣ ಅಂಕಿಗೆ ಅಷ್ಟು ದೊಡ್ಡ ಬೆಲೆ ನ್ಯಾಯವೇ ಎಂದು ಕೇಳಲು ಬಾಯಿ ತೆರೆದೆ. ‘ನಾಳೆ ನಾನೇ ಎಣಿಸ್ತೀನಿ. ಒಬ್ಬನೇ,’ ಎಂದು ಅವರು ಎದ್ದರು. ಮಾದೇವಕ್ಕನಿಗೆ ಅಂದೇ ಹೇಳಿದರು, ನಾಳೆಯಿಂದ ಬರುವುದು ಬೇಡ ಎಂದು. ಅವಳು ಕೈ ಒರೆಸಿಕೊಳ್ಳುತ್ತ ನನ್ನ ಕಡೆ ನೋಡಿದಳು. ನಾನು ಬ್ಯಾಟರಿಯ ತಂತಿ ಬಿಚ್ಚುವವನಂತೆ ಬಗ್ಗಿದೆ.

ಮರುದಿನ ನೂಲು ಹುಣ್ಣಿಮೆಯ ಮುಂಚಿನ ದಿನ. ಒಂದು ಬ್ಯಾಟರಿ ಬಂಗಲೆಯಲ್ಲಿರಿಸಿ, ಇನ್ನೊಂದನ್ನು ಚಾರ್ಜು ಮಾಡಿಸಲು ಕುಮಟೆಯ ಅಕ್ಕಿ ಗಿರಣಿಗೆ ನನ್ನನ್ನು ಕಳಿಸಿದರು. ಗಿರಣಿಯ ಸದ್ದಿನಲ್ಲಿ ಕೂತು ಬಾಗಿಲು ಹಾಕಿಕೊಂಡ ಆ ಕೋಣೆಯನ್ನೇ ನೆನೆಯುತ್ತಿದ್ದೆ. ಅವರು ಕೂದಲೆಳೆಯನ್ನು ಕಂಡರೆ ಬರೆಯುತ್ತಾರೆ. ಭಟ್ಕಳದಲ್ಲಿ ಗಡಿಯಾರ ಬಿಚ್ಚಿದ ಮನುಷ್ಯ ಬರೆಯದೆ ಇರಲಾರರು. ವಾಪಸು ಬರುವ ಬಸ್ಸು ಕೆಟ್ಟು ನಿಂತು ತಡವಾಯಿತು.

ಸಂಜೆ ಬಂದು ನೋಡಿದರೆ ಬಾಗಿಲು ತೆರೆದಿತ್ತು. ಹಲಗೆಯ ಪೆಟ್ಟಿಗೆ ಬರಿದಾಗಿತ್ತು. ಸೀಸ ಹೋಗಿತ್ತು. ಹೊಸ ಪತ್ರಕ್ಕೆ ಅರಗು ಹಾಕಿ ಆಗಿತ್ತು. ಸಾಹೇಬರು ಪಂಚೆಯುಟ್ಟು ಚಹಾ ಕುಡಿಯುತ್ತಿದ್ದರು. ಏನು ಬಂತೆಂದು ಕೇಳಲು ಧೈರ್ಯವಾಗಲಿಲ್ಲ. ವಾದದಲ್ಲಿ ಯಾರಿಗೂ ಸೋಲದ ನನಗೆ ಒಂದು ಪ್ರಶ್ನೆ ಕೇಳಲಾಗಲಿಲ್ಲ. ಮರುದಿನ ಕೇರಿಯ ದೋಣಿಗಳು ಕಡಲಿಗಿಳಿದವು. ಮಾದೇವಕ್ಕ ಜನರ ನಡುವೆ ನಿಂತಿದ್ದಳು. ನಾನು ಹತ್ತಿರ ಹೋಗಲಿಲ್ಲ. ಎರಡು ತಿಂಗಳ ಮೇಲೆ ಮುಂಬಯಿಯಿಂದ ಉತ್ತರ ಬಂತು, ಆ ದಂಡೆಯನ್ನು ಕಾದಿಟ್ಟ ಭೂಮಿಯ ಪಟ್ಟಿಗೆ ಸೇರಿಸುವುದಿಲ್ಲ ಎಂದು.

ಕಿರಿಯರು ಕೇಳಬಹುದು, ದಾಖಲೆ ಇರಬೇಕಲ್ಲ ಎಂದು. ನಾನೂ ಅದನ್ನೇ ನಂಬಿದ್ದೆ. ನಿವೃತ್ತಿಯ ವರ್ಷ ಹಳೆಯ ಎಣಿಕೆ ಪುಸ್ತಕಗಳನ್ನು ವಿಂಗಡಿಸುವಾಗ ಆ ದಿನದ ಪುಟ ಸಿಕ್ಕಿತು. ಎಣಿಕೆಯ ಅಂಕಣಗಳು ಬರಿದು. ಕೆಳಗೆ ಅವರ ಕೈಬರಹದಲ್ಲಿ ಎರಡೇ ಶಬ್ದ, ‘ವ್ಯತ್ಯಾಸ ಕಾಣಲಿಲ್ಲ’, ಮತ್ತು ರುಜು. ಎಣಿಕೆ ಬರೆದಿದ್ದರೆ, ಸೀಸ ಇಟ್ಟು ಎಣಿಸಿದರೋ ತೆಗೆದು ಎಣಿಸಿದರೋ ಒಂದು ನೋಟಕ್ಕೆ ತಿಳಿಯುತ್ತಿತ್ತು. ಸೀಸದ ಒಳಗಿನ ಎಣಿಕೆಯೇ ಬೇರೆ, ಸೀಸವಿಲ್ಲದ ಎಣಿಕೆಯೇ ಬೇರೆ. ತಿಮ್ಮಪ್ಪನನ್ನು ಹಿಂದೊಮ್ಮೆ ವಿಚಾರಿಸಿದ್ದೆ. ಡಬ್ಬಿಗಳನ್ನು ಸಾಹೇಬರೇ ಹೊತ್ತು ಹೊರಗಿಟ್ಟರು ಎಂದಷ್ಟೇ ಅವನಿಗೆ ನೆನಪಿತ್ತು. ಯಾವ ಹೊತ್ತಿಗೆಂಬುದು ನೆನಪಿರಲಿಲ್ಲ. ಈಗ ಅವನಿಲ್ಲ. ಮಾದೇವಕ್ಕ ಅವನಿಗಿಂತ ಮೊದಲೇ ಹೋದಳು. ತನ್ನ ತಟ್ಟೆ ಏನು ಮಾಡಿತೆಂದು ಅವಳಿಗೆ ಕೊನೆಯವರೆಗೂ ಯಾರೂ ಹೇಳಲಿಲ್ಲ, ನಾನೂ ಸೇರಿ.

ಆ ಪುಟವನ್ನು ನಕಲು ಮಾಡಿಕೊಂಡು ಧಾರವಾಡಕ್ಕೆ ಹೋದೆ. ಸಾಹೇಬರು ಪಡಸಾಲೆಯಲ್ಲಿ ಆರಾಮಕುರ್ಚಿಯ ಮೇಲೆ ಕೂತಿದ್ದರು. ನನ್ನ ಗುರುತು ಹಿಡಿದರು, ಕೂಡಲು ಹೇಳಿದರು. ಕಾಗದವನ್ನು ಅವರ ಮಡಿಲಲ್ಲಿಟ್ಟೆ. ಅವರು ಕನ್ನಡಕ ಏರಿಸಿ ತಮ್ಮದೇ ರುಜುವನ್ನು ಬಹಳ ಹೊತ್ತು ನೋಡಿದರು. ಈ ವಯಸ್ಸಿನಲ್ಲೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು.

‘ಸಾಹೇಬರೇ,’ ಎಂದೆ, ‘ಆ ದಿನ ನೀವು ಸೀಸ ವಾಪಸ್ ಕೊಟ್ಟದ್ದು ಮರಳು ಎಣಿಸಿದ ಮೇಲೋ, ಎಣಿಸುವ ಮೊದಲೋ?’